ಉಸಿರು ಕಟ್ಟಿ ಎತ್ತಿದ ಅಣ್ಣ

ನಮ್ಮ ಬೀದಿಯಲ್ಲಿ ನಲವತ್ತೈದು ದಾಟಿದ ಯಾರನ್ನು ಬೇಕಾದರೂ ನಿಲ್ಲಿಸಿ ಹೇಗಿದ್ದೀರಿ ಎಂದು ಕೇಳಿ ನೋಡಿ. ಒಬ್ಬರಿಗೆ ಮಂಡಿ, ಒಬ್ಬರಿಗೆ ಸೊಂಟ, ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಬಿಪಿ. ಎಲ್ಲರಿಗೂ ಡಾಕ್ಟರು ಹೇಳಿ ಕಳಿಸುವುದು ಒಂದೇ ಮಾತು: ಮಾತ್ರೆ ತಪ್ಪಿಸಬೇಡಿ, ವ್ಯಾಯಾಮ ಮಾಡಿ. ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ವ್ಯಾಯಾಮ ಯಾರು ಕಲಿಸುತ್ತಾರೆ, ಯಾವುದು ಮಾಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಕೇಳಲು ಹೊರಟಿದ್ದ ನನ್ನ ಅಣ್ಣನನ್ನೂ ನಗೆಯಾಡಿ ತಡೆದೆ. ಆ ಕಥೆಯನ್ನೇ ಈಗ ಹೇಳುತ್ತಿದ್ದೇನೆ. ಹೇಳುವುದಕ್ಕೆ ಹಿತವಾದ ಕಥೆಯಲ್ಲ.

ನಾನೂ ಅಣ್ಣನೂ ಮನೆ ಸಾಮಾನು ಸಾಗಿಸುವವರು. ಯಾರಾದರೂ ಮನೆ ಬದಲಿಸಿದರೆ ಅವರ ಬೀರು, ಮಂಚ, ಫ್ರಿಜ್ಜು, ಸೋಫಾಗಳನ್ನು ಒಂದು ಮಹಡಿಯಿಂದ ಇಳಿಸಿ, ಟೆಂಪೋದಲ್ಲಿ ಹಾಕಿ, ಇನ್ನೊಂದು ಮಹಡಿಗೆ ಏರಿಸುವುದು ನಮ್ಮ ಕೆಲಸ. ಅಣ್ಣನಿಗೆ ಆಗ ಐವತ್ತೊಂದು, ನನಗೆ ನಲವತ್ತಾರು. ಜೊತೆಯವರು ಅವನನ್ನು ಕ್ರೇನು ಎನ್ನುತ್ತಿದ್ದರು, ನನ್ನನ್ನು ಬಾಯಿಬಡುಕ ಎನ್ನುತ್ತಿದ್ದರು. ಇಬ್ಬರಿಗೂ ಸರಿಯಾದ ಹೆಸರನ್ನೇ ಇಟ್ಟಿದ್ದರು.

ಮೆಟ್ಟಿಲ ಮೇಲೆ ಬೀರು ಏರಿಸುವಾಗ ಮೇಲಿನವನು ದಾರಿ ನೋಡುತ್ತಾನೆ, ಕೆಳಗಿನವನು ಭಾರ ಹೊರುತ್ತಾನೆ. ಇಪ್ಪತ್ತೆರಡು ವರ್ಷವೂ ಕೆಳಗೆ ನಿಂತವನು ಅಣ್ಣನೇ. ನಮಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಪಾಠ ಹೇಳಿಕೊಟ್ಟಿದ್ದ. ಮೊದಲ ಮೆಟ್ಟಿಲಲ್ಲಿ ಎದೆ ತುಂಬ ಉಸಿರು ಎಳೆದುಕೊಳ್ಳಬೇಕು, ಬಾಯಿ ಮುಚ್ಚಬೇಕು, ಮೆಟ್ಟಿಲು ತಿರುಗುವ ಜಾಗ ಬರುವ ತನಕ ಬಿಡಬಾರದು. ಉಸಿರು ಬಿಟ್ಟರೆ ಬಲ ಸೋರಿ ಹೋಗುತ್ತದೆ ಎನ್ನುತ್ತಿದ್ದ. ನಾವು ಅದನ್ನೇ ಪಂದ್ಯ ಮಾಡಿಕೊಂಡೆವು. ತಿರುವಿಗೆ ಮುಂಚೆ ಉಸಿರು ಬಿಟ್ಟವನು ಟೀ ಕುಡಿಸಬೇಕು. ನಾನು ಕುಡಿಸಿ ಕುಡಿಸಿ ಸಾಕಾದೆ. ಅಣ್ಣ ಕುಡಿಸಿದ್ದು ಬೆರಳೆಣಿಕೆಯಷ್ಟು ಸಲ.

ಒಂದು ದಿನ ಯಾರದೋ ಮನೆಯ ಮಂಚ ಇಳಿಸುವಾಗ ಅಣ್ಣನಿಗೆ ತಲೆ ಸುತ್ತಿತು. ಅತ್ತಿಗೆ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಿಪಿ ಜೋರಾಗಿದೆ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೊಟ್ಟೆ ಕರಗಿಸಬೇಕು, ಸ್ವಲ್ಪ ದಿನ ಭಾರ ಎತ್ತಬಾರದು, ವ್ಯಾಯಾಮ ಮಾಡಬೇಕು ಎಂದರು. ಆದರೆ ತಾನಾಗಿ ಶುರುಮಾಡುವುದು ಬೇಡ, ತಿಳಿದವರೊಬ್ಬರು ಪಕ್ಕದಲ್ಲಿರಲಿ ಎಂದೂ ಹೇಳಿದರು. ಅಣ್ಣ ಮಾತ್ರೆಯ ಮಾತನ್ನು ನೆನಪಿಟ್ಟುಕೊಂಡ. ಅತ್ತಿಗೆ ಎಲ್ಲವನ್ನೂ ನೆನಪಿಟ್ಟುಕೊಂಡರು. ನಾನು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೆಯ ವಾರವೇ ಅಣ್ಣನೂ ನಾನೂ ಕೆಲಸಕ್ಕೆ ಇಳಿದೆವು.

ಅದೇ ತಿಂಗಳು ನಮ್ಮ ಬೀದಿಯ ಕೊನೆಯ ಮನೆಯ ಮಹಡಿಗೆ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಬಂದಳು. ಮೂವತ್ತರ ಆಸುಪಾಸು. ಜನರಿಗೆ ವ್ಯಾಯಾಮ ಕಲಿಸುವುದು ಅವಳ ಉದ್ಯೋಗ. ಗುಂಪಿಗಲ್ಲ, ಒಬ್ಬೊಬ್ಬರಿಗೇ, ಅವರವರ ದೇಹ ನೋಡಿ. ಅವಳ ಸಾಮಾನು ಏರಿಸಿದವರು ನಾವೇ. ಬೀರು ಬರುವಾಗ ಅವಳು ಮೆಟ್ಟಿಲ ತಿರುವಿನಲ್ಲಿ ನಿಂತು ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಕೆಂಪಾಗಿ ಕಪ್ಪಿಗೆ ತಿರುಗುತ್ತಿತ್ತು. ಬೀರು ಕೆಳಗಿಟ್ಟ ಮೇಲೆ ಅವಳು ನೀರು ಕೊಟ್ಟು ಕೇಳಿದಳು.

"ಅಣ್ಣ, ಉಸಿರು ಯಾಕೆ ಹಿಡ್ಕೊಂಡಿದ್ರಿ?"

"ಹಿಡೀದೆ ಇದ್ರೆ ಬೀರು ಮೇಲೆ ಬರುತ್ತಾ ತಾಯಿ?"

"ನಿಮಗೆ ಬಿಪಿ ಏನಾದ್ರೂ ಇದೆಯಾ?"

ಅಣ್ಣ ನನ್ನ ಮುಖ ನೋಡಿದ. ಇದೆ ಎಂದು ನಾನೇ ನಗುತ್ತ ಹೇಳಿದೆ.

"ಹಾಗಾದ್ರೆ ಇದು ಒಳ್ಳೇದಲ್ಲ ಅಣ್ಣ. ಭಾರ ಎತ್ತೋವಾಗ ಉಸಿರು ಕಟ್ಟಿದ್ರೆ ಬಿಪಿ ಒಂದೇ ಸಲ ಮೇಲಕ್ಕೆ ಹಾರುತ್ತೆ. ಎತ್ತೋವಾಗ ಉಸಿರು ಬಿಡ್ಬೇಕು. ಇಷ್ಟು ವರ್ಷದ ರೂಢಿ, ನೀವೊಬ್ಬರೇ ಬಿಡೋಕಾಗಲ್ಲ. ಯಾರಾದ್ರೂ ಪಕ್ಕದಲ್ಲಿ ನಿಂತು ನೆನಪಿಸ್ತಾ ಇರಬೇಕು."

ಅವತ್ತೇ ನಾನು ಅವಳಿಗೆ ಉಸಿರಮ್ಮ ಎಂದು ಹೆಸರಿಟ್ಟೆ. ಸಂಜೆಯೊಳಗೆ ಆ ಹೆಸರು ಬೀದಿಯೆಲ್ಲ ಸುತ್ತಿ ಬಂತು.

ಅತ್ತಿಗೆ ಮಾತ್ರ ಎರಡೇ ದಿನಕ್ಕೆ ಅವಳ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದರು. ಮೊದಲು ಡಾಕ್ಟರ ಚೀಟಿ ತರಬೇಕಂತೆ. ಬಿಪಿ ಹತೋಟಿಗೆ ಬರುವ ತನಕ ಭಾರ ಮುಟ್ಟುವಂತಿಲ್ಲವಂತೆ. ಮೊದಲ ವಾರ ಕುರ್ಚಿಯಲ್ಲಿ ಕೂತು ಏಳುವುದು, ನಡೆಯುವುದು, ಉಸಿರಾಡುವುದು, ಅಷ್ಟೇ. ವಾರಕ್ಕೆ ಮೂರು ಬೆಳಗ್ಗೆ. ಅಣ್ಣನಿಗೆ ಮನಸ್ಸಾಗಿತ್ತು. ಅದು ನನಗೆ ಗೊತ್ತು, ಏಕೆಂದರೆ ಮಾರನೆಯ ಬೆಳಗ್ಗೆ ಟೆಂಪೋದಲ್ಲಿ ಅವನು ನನ್ನನ್ನು ಕೇಳಿದ. ಹೋಗಿ ನೋಡಲೇನೋ, ನೀನೂ ಬರುತ್ತೀಯೇನೋ ಎಂದು ಮೆಲ್ಲಗೆ ಕೇಳಿದ.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕುರ್ಚಿ ಮೇಲೆ ಕೂತು ಏಳೋದನ್ನ ಕಲಿಯೋಕೆ ನಿನಗೊಬ್ಬರು ಬೇಕಾ ಅಣ್ಣ? ಊರವರ ಕುರ್ಚಿಯನ್ನೆಲ್ಲ ಹೊತ್ತವನು ನೀನು."

ಟೆಂಪೋದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಅಣ್ಣನೂ ನಕ್ಕ. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಉಸಿರಮ್ಮನ ಮಾತು ಅಲ್ಲಿಗೆ ಮುಗಿಯಿತು.

ಅತ್ತಿಗೆಯ ಒತ್ತಾಯ ಮುಗಿಯಲಿಲ್ಲ. ಅವರ ಬಾಯಿ ಮುಚ್ಚಿಸಲು ನಾನೇ ಒಂದು ದಾರಿ ಹುಡುಕಿದೆ. ಮುಖ್ಯ ರಸ್ತೆಯಲ್ಲಿ ಒಂದು ಜಿಮ್ ಇತ್ತು. ಅಣ್ಣನನ್ನು ಅಲ್ಲಿಗೆ ಸೇರಿಸಿದೆ, ನಾನೂ ಸೇರಿದೆ. ಹೆಸರು ಬರೆದುಕೊಳ್ಳುವಾಗ ಅಲ್ಲಿನವರು ಕಾಯಿಲೆ ಏನಾದರೂ ಇದೆಯೇ, ಕಲಿಸುವವರು ಬೇಕೇ ಎಂದು ಕೇಳಿದರು. ಎರಡಕ್ಕೂ ನಾನೇ ಇಲ್ಲ ಎಂದೆ. ಅಣ್ಣ ನೇರವಾಗಿ ಹೋಗಿ ಎಲ್ಲಕ್ಕಿಂತ ದೊಡ್ಡ ಕಬ್ಬಿಣದ ಸರಳಿನ ಮುಂದೆ ನಿಂತ. ಅಲ್ಲಿದ್ದವರು ತಮ್ಮ ಕೆಲಸ ಬಿಟ್ಟು ಅವನನ್ನೇ ನೋಡಿದರು. ನನಗೋ ಹೆಮ್ಮೆಯೇ ಹೆಮ್ಮೆ.

ಎಂಟನೆಯ ದಿನ ಸರಳಿನ ಎರಡೂ ಕಡೆ ಇನ್ನೂ ಒಂದೊಂದು ಭಾರದ ಬಿಲ್ಲೆ ಹಾಕಿದವನು ನಾನೇ. ಅಣ್ಣ ಎದೆ ತುಂಬ ಉಸಿರು ಎಳೆದುಕೊಂಡು ಸರಳನ್ನು ಎತ್ತಿದ. ಉಸಿರು ಬಿಟ್ಟರೆ ಟೀ ನೀನೇ ಕುಡಿಸಬೇಕು ಎಂದು ನಾನು ಪಕ್ಕದಲ್ಲಿ ನಿಂತು ಎಣಿಸತೊಡಗಿದೆ. ಅವನ ಕುತ್ತಿಗೆಯ ನರ ಉಬ್ಬಿತ್ತು. ಹಿಡಿ, ಇನ್ನೂ ಹಿಡಿ ಎನ್ನುತ್ತಿದ್ದೆ. ಹನ್ನೊಂದು ಎನ್ನುವಾಗ ಸರಳು ದಢಾರನೆ ಬಿತ್ತು. ಅಣ್ಣ ನೆಲದ ಮೇಲೆ ಕುಸಿದು ಕೂತ. ಅವನು ನನಗೇನೋ ಹೇಳಲು ನೋಡಿದ. ಬಲಗಡೆಯ ತುಟಿ ಜೋತುಬಿದ್ದಿತ್ತು. ಬಾಯಿಂದ ಮಾತು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಲಕ್ವ ಹೊಡೆದಿತ್ತು. ಮಿದುಳಿನ ಒಂದು ರಕ್ತನಾಳ ಒಡೆದಿದೆ ಎಂದು ಆಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಬಿಪಿ ಹತೋಟಿಗೆ ಬಂದಿರಲಿಲ್ಲ, ಅದರ ಮೇಲೆ ಅಷ್ಟು ಭಾರ, ಅದೂ ಉಸಿರು ಕಟ್ಟಿ; ಯಾರೂ ಹೇಳುವವರು ಇರಲಿಲ್ಲವೇ ಎಂದು ಕೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತಿಗೆಗೆ ಇದರಲ್ಲಿ ಅರ್ಧ ಮಾತ್ರ ಹೇಳಿದೆ. ವ್ಯಾಯಾಮ ಮಾಡುತ್ತಿದ್ದಾಗ ಆಯಿತು ಎಂದಷ್ಟೇ ಹೇಳಿದೆ. ಹೇಡಿತನ ಎಂದರೆ ಅದೇ. ಅದನ್ನು ಒಪ್ಪಿಕೊಳ್ಳಲು ನನಗೆ ಐದು ತಿಂಗಳು ಬೇಕಾಯಿತು.

ಮೂರು ವಾರದ ಮೇಲೆ ಅಣ್ಣ ಮನೆಗೆ ಬಂದ. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ವಾರಕ್ಕೆರಡು ಸಲ ಆಸ್ಪತ್ರೆಗೆ ಬನ್ನಿ, ಕೈಕಾಲಿಗೆ ಚಿಕಿತ್ಸೆಯ ವ್ಯಾಯಾಮ ಮಾಡಿಸುತ್ತೇವೆ, ಮನೆಯಲ್ಲೂ ದಿನಾ ಮಾಡಿಸಿ ಎಂದು ಒಂದು ಹಾಳೆ ಬರೆದುಕೊಟ್ಟಿದ್ದರು. ಅಣ್ಣನ ಮನೆ ಎರಡನೆಯ ಮಹಡಿಯಲ್ಲಿ. ನಾವು ಅವನನ್ನು ಕುರ್ಚಿ ಸಮೇತ ಇಳಿಸುತ್ತಿದ್ದೆವು. ಈಗ ಕೆಳಗಿನ ಮೆಟ್ಟಿಲಲ್ಲಿ ನಿಂತು ಭಾರ ಹೊರುವವನು ನಾನು. ಇಳಿಸುವಷ್ಟು ಹೊತ್ತೂ ಅಣ್ಣ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಒಂದು ತಿಂಗಳಾದ ಮೇಲೆ ಅತ್ತಿಗೆ ಇನ್ನು ಸಾಕು ಎಂದರು. ಹಾಳೆಯನ್ನು ಮಡಿಸಿ ಅಡುಗೆಮನೆಯ ಅಕ್ಕಿ ಡಬ್ಬಿಯ ಕೆಳಗೆ ಇಟ್ಟರು.

ಉಸಿರಮ್ಮ ನೋಡಲು ಬಂದಳು. ಆಸ್ಪತ್ರೆಯವರು ಹೇಳಿದ್ದನ್ನು ತಾನು ಮನೆಗೇ ಬಂದು ಮಾಡಿಸುತ್ತೇನೆ, ಅವರನ್ನು ಕೇಳಿಕೊಂಡೇ ಮಾಡಿಸುತ್ತೇನೆ ಎಂದಳು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. "ವ್ಯಾಯಾಮ ಮಾಡೋಕೆ ಹೋಗಿಯೇ ಅವರು ಹೀಗಾದ್ರು. ಆ ಮಾತು ಇನ್ನು ಈ ಹೊಸಿಲು ದಾಟೋದು ಬೇಡಮ್ಮ" ಎಂದರು. ಆ ಹೆಣ್ಣುಮಗಳು ಅತ್ತಿಗೆಯ ಹಿಂದೆ ನಿಂತಿದ್ದ ನನ್ನ ಮುಖವನ್ನು ಒಂದು ಸಲ ನೋಡಿ ಇಳಿದುಹೋದಳು. ಬಾಯಿಬಡುಕನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು.

ತಿಂಗಳುಗಳು ಹೋದವು. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಬಲಗೈ ಮಡಚಿಕೊಂಡು ಎದೆಗೆ ಅಂಟಿತು. ಬೀರುಗಳನ್ನು ಹೊತ್ತ ತೊಡೆ ಒಣಗಿ ನನ್ನ ಮುಂಗೈಯಷ್ಟಾಯಿತು. ಇತ್ತ ನನಗೂ ಬಿಪಿ ಇದೆ ಎಂದು ಗೊತ್ತಾಯಿತು. ಸಾಮಾನು ಏರಿಸುವಾಗ ಕಿವಿಯೊಳಗೆ ರಕ್ತ ಬಡಿಯುವುದು ಕೇಳಿಸುತ್ತಿತ್ತು. ಉಸಿರು ಬಿಡಬೇಕೆಂದು ನೆನಪಾಗುವ ಹೊತ್ತಿಗೆ ತಿರುವು ಬಂದಿರುತ್ತಿತ್ತು. ಹೆದರಿಕೆಯಾಗುತ್ತಿತ್ತು, ಆದರೆ ಯಾರಿಗೂ ಹೇಳಲಿಲ್ಲ.

ಐದನೆಯ ತಿಂಗಳು ಡಾಕ್ಟರು ಅಣ್ಣನನ್ನು ನೋಡಿ ಬೇಸರಪಟ್ಟುಕೊಂಡರು. ಮೊದಲ ತಿಂಗಳುಗಳೇ ಮುಖ್ಯವಾಗಿದ್ದವು, ಅವು ಹೋದವು. ಇನ್ನೂ ತಡ ಮಾಡಿದರೆ ಈ ಕಾಲೂ ಗಟ್ಟಿಯಾಗಿ ಇವರು ಹಾಸಿಗೆ ಬಿಟ್ಟು ಏಳುವುದೇ ಇಲ್ಲ ಎಂದರು. ಮನೆಗೆ ಬಂದ ಮೇಲೂ ಅತ್ತಿಗೆ ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಸಲ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದರು. ಆಗ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

"ಅತ್ತಿಗೆ, ಅಣ್ಣನನ್ನ ಹೀಗೆ ಮಾಡಿದ್ದು ವ್ಯಾಯಾಮ ಅಲ್ಲ. ಅವನು ಆ ಮೇಡಂ ಹತ್ರ ಹೋಗ್ಬೇಕು ಅಂತಿದ್ದ. ನಾನು ಎಲ್ಲರ ಮುಂದೆ ನಕ್ಕೆ."

ಅತ್ತಿಗೆ ಅಣ್ಣನ ಅಂಗಿಗಳನ್ನು ಮಡಿಸುತ್ತಿದ್ದರು. ಕೈ ನಿಂತಿತು.

"ಹೋಗ್ಬೇಕು ಅಂತ ಅವರೇ ಹೇಳಿದ್ರಾ?"

"ಹೌದು. ಜಿಮ್ಮಲ್ಲಿ ಕಲಿಸೋರು ಬೇಡ ಅಂದಿದ್ದೂ ನಾನೇ. ಬಿಪಿ ಇಲ್ಲ ಅಂದಿದ್ದೂ ನಾನೇ. ಉಸಿರು ಬಿಡಬೇಡ, ಹಿಡಿ ಅಂತ ಪಕ್ಕದಲ್ಲಿ ನಿಂತು ಎಣಿಸ್ತಿದ್ದೆ."

ಅವರು ಬೈದಿದ್ದರೆ ಸಹಿಸಬಹುದಿತ್ತು. ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಅದರ ಮೇಲೆ ಇನ್ನೊಂದನ್ನಿಟ್ಟು, ಎದ್ದು ಅಣ್ಣನ ಹತ್ತಿರ ಹೋಗಿ ಕೂತರು. ಒಂಬತ್ತು ದಿನ ನನ್ನೊಂದಿಗೆ ಮಾತಾಡಲಿಲ್ಲ. ಹೋದರೆ ಟೀ ಲೋಟ ಮುಂದಿಟ್ಟು ಒಳಗೆ ಹೋಗುತ್ತಿದ್ದರು. ಹತ್ತನೆಯ ದಿನ ಡಬ್ಬಿಯ ಕೆಳಗಿನ ಹಾಳೆ ತೆಗೆದುಕೊಂಡು ತಾವೇ ಉಸಿರಮ್ಮನ ಮನೆಯ ಮೆಟ್ಟಿಲು ಹತ್ತಿದರು.

ಅವಳು ಹಿಂದಿನದನ್ನು ಎತ್ತಿ ಆಡಲಿಲ್ಲ. ನಮ್ಮ ಜೊತೆ ಆಸ್ಪತ್ರೆಗೆ ಬಂದು, ಅಲ್ಲಿ ವ್ಯಾಯಾಮ ಮಾಡಿಸುವವರನ್ನು ಕಂಡು, ಯಾವುದು ಮಾಡಿಸಬಹುದು, ಯಾವುದು ಕೂಡದು ಎಂದು ಕೇಳಿ ಬರೆದುಕೊಂಡಳು. ತಾನು ಡಾಕ್ಟರಲ್ಲ, ಅವರು ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ ಎಂದು ಅತ್ತಿಗೆಗೆ ಮೊದಲೇ ಹೇಳಿದಳು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಬರತೊಡಗಿದಳು.

ಶುರುವಿನಲ್ಲಿ ಬಹಳ ಕಷ್ಟವಾಯಿತು. ಮೈ ಅಲ್ಲಾಡಿಸಬೇಕೆಂದರೆ ಸಾಕು, ಅಣ್ಣ ಬಾಯಿ ಮುಚ್ಚಿ ಉಸಿರು ಕಟ್ಟುತ್ತಿದ್ದ. ಮಾತು ಹೋಗಿತ್ತು, ಆ ರೂಢಿ ಮಾತ್ರ ಹೋಗಿರಲಿಲ್ಲ. ಅವಳು ತನ್ನ ಅಂಗೈಯನ್ನು ಅವನ ಬಾಯಿಯ ಹತ್ತಿರ ಹಿಡಿದು, "ನನ್ನ ಕೈಗೆ ಗಾಳಿ ಊದ್ತಾ ಏಳಿ ಅಣ್ಣ" ಎನ್ನುತ್ತಿದ್ದಳು. ಹತ್ತು ಸಲ, ಇಪ್ಪತ್ತು ಸಲ ಅದನ್ನೇ ಹೇಳುತ್ತಿದ್ದಳು. ಅವನು ಸಿಟ್ಟಾಗಿ ಅವಳ ಕೈ ತಳ್ಳುತ್ತಿದ್ದ, ಆಮೇಲೆ ಅಳುತ್ತಿದ್ದ. ಅವನು ಅತ್ತಾಗ ಅವಳು ಕೂತು ಕಾಯುತ್ತಿದ್ದಳು. ಪ್ರತಿ ಸಲವೂ ಮೊದಲು ಬಿಪಿ ನೋಡುತ್ತಿದ್ದಳು. ಒಂದು ದಿನ ಅದು ಜಾಸ್ತಿ ಇತ್ತು. ಏನನ್ನೂ ಮಾಡಿಸದೆ, ಅತ್ತಿಗೆಯಿಂದ ಡಾಕ್ಟರಿಗೆ ಫೋನು ಮಾಡಿಸಿ, ಹೊರಟು ನಿಂತಳು. ಬಂದಿದ್ದೀರಲ್ಲ, ಒಂದೆರಡಾದರೂ ಮಾಡಿಸಿ ಎಂದೆ ನಾನು.

"ಇವತ್ತು ಮಾಡಿಸದೇ ಇರೋದೇ ನನ್ನ ಕೆಲಸ" ಎಂದಳು.

ಆ ಮಾತು ನನ್ನ ಎದೆಗೆ ನಾಟಿತು. ಎಂಟನೆಯ ದಿನ ಆ ಜಿಮ್ಮಿನಲ್ಲಿ ಅಣ್ಣನ ಪಕ್ಕದಲ್ಲಿ ಬೇಕಿದ್ದದ್ದು ಇಷ್ಟೇ. ಸಾಕು, ಕೆಳಗಿಡು ಎನ್ನುವ ಒಬ್ಬರು ಬೇಕಿತ್ತು. ಅವರ ಜಾಗದಲ್ಲಿ ನಾನಿದ್ದೆ.

ನಾಲ್ಕು ತಿಂಗಳಿಗೆ ಅಣ್ಣ ತಾನಾಗಿ ಕುರ್ಚಿಯಿಂದ ಎದ್ದ. ಈಗ ಕೋಲು ಹಿಡಿದು ಬಚ್ಚಲಿಗೆ ತಾನೇ ಹೋಗಿ ಬರುತ್ತಾನೆ. ಅವನು ಮೊದಲ ಸಲ ಒಬ್ಬನೇ ಹೋಗಿ ಬಂದ ದಿನ ಅತ್ತಿಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತರು. ಆದರೆ ಕೈ ಬರಲಿಲ್ಲ. ನಡುವೆ ಮೂರು ತಿಂಗಳು ಸುಮ್ಮನೆ ಮಲಗಿಸಿರದಿದ್ದರೆ ಬೆರಳಿಗೆ ಅಷ್ಟಿಷ್ಟು ಚಲನೆ ಬರುತ್ತಿತ್ತೇನೋ ಎಂದರು ಆಸ್ಪತ್ರೆಯವರು. ಅತ್ತಿಗೆ ಆ ಮೂರು ತಿಂಗಳು ತಮ್ಮ ತಪ್ಪು ಎನ್ನುತ್ತಾರೆ. ನನ್ನದು ಎನ್ನುತ್ತೇನೆ ನಾನು. ಯಾರದ್ದಾದರೇನು, ಹೋದದ್ದು ಅಣ್ಣನ ಕೈ. ಅವನು ಇನ್ನು ಸಾಮಾನು ಎತ್ತುವುದಿಲ್ಲ, ನನ್ನನ್ನು ಬಾಯಿಬಡುಕ ಎಂದು ಕರೆಯುವುದೂ ಇಲ್ಲ.

ಕಳೆದ ತಿಂಗಳು ಒಂದು ಶುಕ್ರವಾರ ಉಸಿರಮ್ಮ ಕೆಲಸ ಮುಗಿಸಿ ಚಾಪೆ ಸುತ್ತುತ್ತಿದ್ದಳು. ನನ್ನ ಬಿಪಿಯ ವಿಷಯ ಅತ್ತಿಗೆಗೆ ಹೇಗೋ ತಿಳಿದು, ಅಣ್ಣನ ಎದುರಿಗೇ ನನ್ನನ್ನು ಗದರಿಸಿದ್ದರು. ಗೋಡೆಗೆ ಒರಗಿ ನಿಂತಿದ್ದ ಅಣ್ಣ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ನೀರು ಬೇಕೇನೋ ಎಂದುಕೊಂಡೆ. ಅವನು ನನ್ನನ್ನು ಎಳೆದು ತನ್ನ ಕುರ್ಚಿಯಲ್ಲಿ ಕೂರಿಸಿದ. ಕೂರಿಸಿ, ಅವಳ ಕಡೆ ಗಲ್ಲ ಎತ್ತಿ ತೋರಿಸಿದ. ಕೈ ಮಾತ್ರ ಬಿಡಲಿಲ್ಲ. ಎಲ್ಲಿತ್ತೋ ಆ ಬಲ. ನನ್ನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಕಲಿಯಲು ಹೋಗುತ್ತೇನೆ ಅಣ್ಣ ಎಂದು ನಾನು ಎರಡು ಸಲ ಹೇಳಿದ ಮೇಲೆಯೇ ಅವನು ಕೈ ಸಡಿಲಿಸಿದ್ದು.

"ಡಾಕ್ಟರ ಚೀಟಿ ತಗೊಂಡು ಸೋಮವಾರ ಬನ್ನಿ" ಎಂದಳು ಅವಳು.

ಈಗ ನಾವು ನಾಲ್ವರು ಸಾಮಾನು ಸಾಗಿಸುವವರು ಒಟ್ಟಾಗಿ ಅವಳ ಹತ್ತಿರ ಕಲಿಯುತ್ತಿದ್ದೇವೆ. ಅವಳ ಫೀಸನ್ನು ನಾಲ್ವರು ಹಂಚಿಕೊಂಡಿದ್ದರಿಂದ ಯಾರಿಗೂ ಹೊರೆಯಾಗಿಲ್ಲ. ನಾಲ್ವರ ವ್ಯಾಯಾಮವೂ ಬೇರೆ ಬೇರೆ. ಒಬ್ಬನಿಗೆ ಸೊಂಟ ನೋವು, ಅವನಿಗೆ ಬಗ್ಗುವುದನ್ನೇ ಹೊಸದಾಗಿ ಕಲಿಸುತ್ತಿದ್ದಾಳೆ. ನಾನು ಇನ್ನೂ ಭಾರ ಮುಟ್ಟಿಲ್ಲ, ಬಿಪಿ ಇಳಿಯಲಿ ಎನ್ನುತ್ತಾಳೆ. ಒಂದು ದಿನ ತಪ್ಪಿಸಿದರೆ ಬಾಗಿಲಿಗೆ ಬಂದು ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ.

ಓದುವವರೇ, ಕೇಳುವವರೇ, ನಿಮ್ಮ ಕೆಲಸದಲ್ಲಿ ಮೈ ಬಗ್ಗುತ್ತದೆ ಎಂದ ಮಾತ್ರಕ್ಕೆ ವ್ಯಾಯಾಮ ಗೊತ್ತಿದೆ ಎಂದುಕೊಳ್ಳಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ಸರಿಯಾಗಿ ಕಲಿತ ತರಬೇತುದಾರರನ್ನು ಹುಡುಕಿ. ನಿಮ್ಮ ಕಾಯಿಲೆ ಏನು ಎಂದು ಕೇಳದೆ ಮೊದಲ ದಿನವೇ ಭಾರ ಎತ್ತಿಸುವವರ ಹತ್ತಿರ ನಿಲ್ಲಬೇಡಿ. ಎಲ್ಲಿ ನೋವಿದೆ, ಯಾವ ಮಾತ್ರೆ ನುಂಗುತ್ತೀರಿ, ಏನನ್ನೂ ಮುಚ್ಚಿಡಬೇಡಿ. ಫೀಸು ಕೊಡುವುದು ಒಬ್ಬರಿಗೇ ಕಷ್ಟವಾದರೆ ನಮ್ಮ ಹಾಗೆ ಮೂರು ನಾಲ್ಕು ಜನ ಸೇರಿಕೊಳ್ಳಿ. ವ್ಯಾಯಾಮ ಮಾಡುವಾಗ ಎದೆ ಹಿಂಡಿದರೆ, ತಲೆ ಸುತ್ತಿದರೆ, ಮುಖವೋ ಕೈಯೋ ಜೋತುಬಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ.

ಇದನ್ನೆಲ್ಲ ಅಣ್ಣನೇ ಹೇಳಬೇಕಿತ್ತು. ಅವನಿಗೆ ಮಾತಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ತಿಳಿದವರ ಹತ್ತಿರ ಹೋಗಿ ಕಲಿಯಲೇ ಎಂದು ಮೆಲ್ಲಗೆ ಕೇಳಿದರೆ, ದಯವಿಟ್ಟು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ನೀವೂ ಹೋಗಿ.